ಸಾಹೇಬರ ಕೆಮ್ಮು

ಮಧ್ಯರಾತ್ರಿ ಕಳೆದ ಮೇಲೆ ಮೇಜಿನ ಮೇಲಿದ್ದ ಫೋನು ಗುರ್ರೆಂದು ಸಣ್ಣಗೆ ನಡುಗಿತು. ಅವಳಿಗೆ ಎಚ್ಚರವಾಗಲು ಅಷ್ಟು ಸದ್ದು ಸಾಕು. ಇತ್ತೀಚೆಗೆ ಅವಳದು ಕಿವಿ ತೆರೆದಿಟ್ಟುಕೊಂಡ ನಿದ್ದೆ.

ಕಾರಣವಿತ್ತು. ಅವಳ ಗಂಡ ಒಬ್ಬ ಮಂತ್ರಿಯ ದನಿ ತೆಗೆದು ಜನರನ್ನು ನಗಿಸಿಯೇ ಇಷ್ಟು ವರ್ಷ ಸಂಸಾರ ತೂಗಿಸಿದವನು. ಬೇರೆ ದನಿಗಳೂ ಬರುತ್ತಿದ್ದವು, ಆದರೆ ಜನ ಕೂಗುತ್ತಿದ್ದದ್ದು "ಸಾಹೇಬರದ್ದು ಮಾಡಿ" ಅಂತಲೇ. ಈಗ ಆ ಸಾಹೇಬರು ಪಾರ್ಶ್ವವಾಯು ಬಡಿದು ಆಸ್ಪತ್ರೆಯಲ್ಲಿದ್ದರು. ಮಾರನೆಯ ದಿನ ಪತ್ರಕರ್ತರ ಮುಂದೆ ಬರಬೇಕು. ಅಲ್ಲಿ ತಡವರಿಸಿದರೆ ಕುರ್ಚಿ ಹೋದ ಹಾಗೆಯೇ. ಅವರು ಮನೆಗೆ ಹೋದರೆ ಇವನೂ ಮನೆಗೇ. ಕಾರ್ಯಕ್ರಮದವರು ಆಗಲೇ ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಿದ್ದರು.

ಗಂಡ ಕಣ್ಣು ಬಿಡದೆಯೇ ತಡಕಾಡಿ ಸ್ಪೀಕರ್ ಒತ್ತಿದ.

"ನಾನಪ್ಪಾ... ಸಾಹೇಬ," ಎಂದಿತು ಎಳೆದೆಳೆದ ದನಿ. "ನನ್ನ ಮಾತು ನನಗೇ ಬರ್ತಿಲ್ಲ. ನಿನ್ನ ಹತ್ರ ಇದೆಯಲ್ಲ, ಸ್ವಲ್ಪ ಹೇಳಿಕೊಡು."

"ಲೋ ಗಿಳಿ, ನಿನಗೆ ನಿದ್ದೆ ಬರಲ್ವೇನೋ?"

ಗಿಳಿ ಅಂದರೆ ಅವನ ಗೆಳೆಯ, ಇನ್ನೊಬ್ಬ ಮಿಮಿಕ್ರಿಯವನು. ಹೊತ್ತಲ್ಲದ ಹೊತ್ತಲ್ಲಿ ಯಾರದೋ ದನಿಯಲ್ಲಿ ಫೋನು ಮಾಡಿ ಒಬ್ಬರನ್ನೊಬ್ಬರು ಏಮಾರಿಸುವುದು ಇಬ್ಬರಿಗೂ ಹಳೇ ಚಟ.

"ಕಾಯಿಲೆ ಬಿದ್ದವರ ದನಿ ತೆಗೀತೀಯಾ? ನಾಚಿಕೆ ಆಗ್ಬೇಕು. ಅದೂ ಎಲ್ಲಾ ತಪ್ಪು."

"ಏನು ತಪ್ಪು?"

"ಮಾತಿಗೆ ಯಾಕೆ ಅವಸರ? ಸಾಹೇಬ್ರು ಮೊದಲು ಕೆಮ್ತಾರೆ. ಆಮೇಲೆ ಮೈಕು ಹಿಡಿದು ಸುಮ್ಮನಿರ್ತಾರೆ. ಎದುರಿಗಿದ್ದೋರು ಕಸಿವಿಸಿಪಡೋವರೆಗೂ ಬಾಯಿ ಬಿಡಲ್ಲ. ಆ ಮನುಷ್ಯನ ಗತ್ತಿರೋದು ಮಾತಲ್ಲಿ ಅಲ್ಲ ಕಣೋ, ಕಾಯಿಸೋದ್ರಲ್ಲಿ. ಎಲ್ಲಿ, ಕೆಮ್ಮು."

ಆ ಕಡೆಯಿಂದ ಒಂದು ಕೆಮ್ಮು ಬಂತು.

"ಥೂ, ನೆಗಡಿಯಾದ ಬೆಕ್ಕಿನ ಹಾಗಿದೆ. ಹೊಟ್ಟೆಯಿಂದ ಬರ್ಲಿ."

ಮತ್ತೆ ಕೆಮ್ಮು. ಈ ಸಲ ಅವಳು ದಡಕ್ಕನೆ ಎದ್ದು ಕೂತಳು. ಹಿಂದೆಲ್ಲೋ ಯಂತ್ರವೊಂದು ಬೀಪ್ ಬೀಪ್ ಅನ್ನುತ್ತಿತ್ತು. "ಸಾಕು ಸರ್, ಮಲಗಿ" ಎಂದು ಹೆಂಗಸೊಬ್ಬಳು ಮೆಲ್ಲಗೆ ಗದರಿದಳು.

"ಈಗ ಪರವಾಗಿಲ್ಲ, ನರ್ಸಮ್ಮನ ದನೀನೂ ಕಲ್ತ್‌ಬಿಟ್ಟಿದ್ದೀಯ. ಬಿದ್ಕೋ ಹೋಗು," ಎಂದು ಫೋನಿಟ್ಟ ಗಂಡ ಮರುಗಳಿಗೆಯೇ ಗೊರಕೆ ಹೊಡೆಯುತ್ತಿದ್ದ.

ಮಾರನೆಯ ದಿನ ಟೀವಿಯಲ್ಲಿ ಸಾಹೇಬರು ಗಾಲಿಕುರ್ಚಿಯಲ್ಲಿ ಬಂದರು. ಕೆಮ್ಮಿದರು. ಮೈಕು ಹಿಡಿದು ಸುಮ್ಮನಾದರು. ಪತ್ರಕರ್ತರು ಮುಖ ಮುಖ ನೋಡಿಕೊಳ್ಳತೊಡಗಿದಾಗ, "ಹೆದರಬೇಡಿ, ಇದ್ದೀನಿ," ಎಂದರು. ಎಲ್ಲರೂ ಗೊಳ್ಳೆಂದರು.

"ನೋಡಿದ್ಯೇನೇ! ಗಿಳಿ ತಲೆಕೆಳಗಾಗಿ ನಿಂತ್ರೂ ಹೀಗೆ ಮಾಡಲಾರ!" ಗಂಡ ಮಗುವಿನಂತೆ ಕುಣಿದ. ಸಂಜೆಯ ಹೊತ್ತಿಗೆ ಜಾರಿಕೊಂಡಿದ್ದವರೆಲ್ಲ ಒಬ್ಬೊಬ್ಬರಾಗಿ ಫೋನು ಮಾಡತೊಡಗಿದರು.

ಗಿಳಿಯೂ ಬಂದ. ಕಾಫಿ ಕೊಡುತ್ತಾ ಅವಳು ಕೇಳಿದಳು: "ರಾತ್ರಿ ಫೋನ್ ಮಾಡಿದ್ರಾ ಅಣ್ಣಾ?"

"ಇಲ್ಲಮ್ಮಾ, ಗಂಟಲು ಕೆಟ್ಟು ಬೇಗ ಮಲಗಿಬಿಟ್ಟೆ. ಯಾಕೆ?"

ಒಳಕೋಣೆಯಿಂದ ಗಂಡನ ದನಿ ಬರುತ್ತಿತ್ತು. ಹೊಸ ಪ್ರಸಂಗ ಕಟ್ಟುತ್ತಿದ್ದ: ವಾಪಸು ಬಂದ ಸಾಹೇಬರು, ತಾವಿನ್ನೂ ಬಿಟ್ಟೇಳದ ಕುರ್ಚಿಯ ಅಳತೆ ತೆಗೆದುಕೊಳ್ಳುತ್ತಿದ್ದವರನ್ನು ಹಿಡಿಯುತ್ತಾರೆ, ಹಿಡಿದು ಕುರ್ಚಿಯಾಸೆಯಲ್ಲಿ ತಾವೂ ಅವರಿಗಿಂತ ಕಡಿಮೆಯಲ್ಲ ಎಂದು ತೋರಿಸಿಕೊಳ್ಳುತ್ತಾರೆ. ಮಾತು ಮೊದಲಿನಂತೆಯೇ ಚುಚ್ಚುತ್ತಿತ್ತು. ಆ ಮನುಷ್ಯ ತನ್ನೆದುರು ಕೈಚಾಚಿದ್ದು ಗೊತ್ತಾದರೆ ಇವನಿಗೆ ಮುಂದೆಂದೂ ಹೀಗೆ ಚುಚ್ಚಲು ಮನಸ್ಸು ಬಾರದು. ಪಾಪ, ಮೆತ್ತನೆಯ ಜೀವ.

"ಏನಿಲ್ಲ, ಸುಮ್ಮನೆ ಕೇಳಿದೆ," ಎಂದಳು ಅವಳು.

ಗಿಳಿ ಒಳಗೆ ಹೋದ ಮೇಲೆ ಗಂಡನ ಫೋನು ತೆಗೆದುಕೊಂಡು ರಾತ್ರಿಯ ಆ ಗುರುತಿಲ್ಲದ ನಂಬರನ್ನು ಅಳಿಸಿದಳು. ಇದನ್ನು ಯಾರಿಗೂ ಹೇಳುವುದಿಲ್ಲ, ಗಂಡನಿಗಂತೂ ಇಲ್ಲವೇ ಇಲ್ಲ.