ನಂಬರಿದ್ದ ನಳಿಗೆ

ಬೇಚನ್ ಮಿಸ್ತ್ರಿ ಗೋಣಿತಟ್ಟು ಬಿಚ್ಚಿ ರೈಫಲನ್ನು ಮೇಜಿನ ಮೇಲೆ ಮಲಗಿಸಿದಾಗ ತನ್ಮಯಿಗೆ ಅದರ ಗುರುತು ಹತ್ತಲಿಲ್ಲ. ಮನೆಯಲ್ಲಿದ್ದದ್ದು ಮೂತಿಯವರೆಗೂ ಮರ ಹೊದ್ದ, ಕಂದು ಬಣ್ಣದ, ಭಾರದ ಕೋವಿ. ಇದರ ಮುಂದಿನ ಮರವನ್ನು ಅರ್ಧಕ್ಕೇ ಕತ್ತರಿಸಿ ಆಗಿತ್ತು. ಅಲ್ಲಿಂದ ಮುಂದಕ್ಕೆ ಕಪ್ಪಗೆ ಮಿರುಗುವ ಹೊಸ ನಳಿಗೆ ಚಾಚಿಕೊಂಡಿತ್ತು.

“ಶನಿವಾರ ಸಂಜೆ ಕೂರಿಸಿ ಮುಗಿಸಿದೆ, ಬಿಟಿಯಾ,” ಎಂದ ಮುದುಕ. “ಭೈಯಾ ನೋಡಲೇ ಇಲ್ಲ.”

ಮರುದಿನ ಭಾನುವಾರ ಬೆಳಿಗ್ಗೆ ಅವಳ ಗಂಡ ಪವಮಾನ ಬಚ್ಚಲಲ್ಲಿ ಕುಸಿದು ಬಿದ್ದಿದ್ದ. ಮೂವತ್ತನಾಲ್ಕು ವರ್ಷ. ಅದಾಗಿ ಇವತ್ತಿಗೆ ನಲವತ್ತು ದಿನ. ತನ್ಮಯಿ ಘಾಟಿನ ಮನೆಯಿಂದ ಗಂಗೆಯ ಸೇತುವೆ ದಾಟಿ ರಾಮನಗರದ ಈ ಬಂದೂಕು ರಿಪೇರಿ ಅಂಗಡಿಗೆ ಬಂದದ್ದು ಠಾಣೆಯ ಒಂದು ಕಾಗದದಿಂದ. ಲೈಸೆನ್ಸ್ ಇದ್ದವನು ತೀರಿಕೊಂಡರೆ ಬಂದೂಕನ್ನು ಮನೆಯವರು ಠಾಣೆಗೆ ಒಪ್ಪಿಸಬೇಕು ಎಂದು ಕಾಗದ ಹೇಳಿತ್ತು. ಮಾವ ವಿಷ್ಣುತೀರ್ಥಾಚಾರ್ಯರು ಅದನ್ನೂ ಲೈಸೆನ್ಸ್ ಪುಸ್ತಕವನ್ನೂ ಅವಳ ಮುಂದಿಟ್ಟು, “ನೀ ಓದಿದಾಕಿ, ನೋಡವಾ” ಎಂದಿದ್ದರು.

ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಘಾಟಿನಲ್ಲಿ ಶ್ರಾದ್ಧ ಮಾಡಿಸುವ ಮನೆತನಕ್ಕೆ ಬಂದೂಕು ಯಾಕೆ ಎಂದು ಮದುವೆಯಾದ ಹೊಸತರಲ್ಲಿ ಅವಳೂ ಕೇಳಿದ್ದಳು. ಪವಮಾನನ ಅಜ್ಜ ಗಣಪತಾಚಾರ್ಯರಿಗೆ ನದಿಯಾಚೆ ಹೊಲವಿತ್ತು. ಅದನ್ನು ಕಾಯಲೆಂದು, ಸೇನೆಯಿಂದ ಹೊರಬಿದ್ದ ಈ ಬೋಲ್ಟ್ ರೈಫಲನ್ನು ಅವರು ಎರಡನೇ ಕೈಯಲ್ಲಿ ಕೊಂಡಿದ್ದರು. ಆಗಲೇ ಅದರ ನಳಿಗೆ ಒಮ್ಮೆ ಬದಲಾಗಿತ್ತು. ಮೈಮೇಲಿನ ನಂಬರು ಸವೆದುಹೋಗಿದ್ದರಿಂದ ಅಂದಿನ ಗುಮಾಸ್ತ ನಳಿಗೆಯ ಮೇಲೆ ಸ್ಪಷ್ಟವಾಗಿ ಕಂಡ ನಂಬರನ್ನೇ ಪುಸ್ತಕದಲ್ಲಿ ಬರೆದುಕೊಂಡ. ಮಾವ ಅದನ್ನು ಜೀವಮಾನದಲ್ಲಿ ಮುಟ್ಟಲಿಲ್ಲ. ಲೈಸೆನ್ಸ್ ಅಜ್ಜನಿಂದ ನೇರ ಮೊಮ್ಮಗನಿಗೆ ಬಂತು.

ಪವಮಾನ ವಿಶ್ವವಿದ್ಯಾಲಯದಲ್ಲಿ ತೊಗರಿಯ ತಳಿಗಳ ಮೇಲೆ ಕೆಲಸ ಮಾಡುತ್ತಿದ್ದ. ಅಜ್ಜನ ಹೊಲದಲ್ಲಿ ಅವನ ಬೀಜದ ಮಡಿಗಳಿದ್ದವು. ಮೂರು ವರ್ಷ ಸತತವಾಗಿ ಜಿಂಕೆ ಜಾತಿಯ ನೀಲಗಾಯಿಗಳು ಬಂದು ಮೇದು ಹೋದವು. ಬೆಳೆ ಹಾಳುಮಾಡುವ ನೀಲಗಾಯಿಯನ್ನು ಹೊಡೆಯಲು ಲೈಸೆನ್ಸ್ ಇದ್ದವರಿಗೆ ಅನುಮತಿ ಸಿಗುತ್ತದೆಂದು ಗೊತ್ತಾದ ಮೇಲೆ ಅವನು ಬೇರೆ ಮಾತೇ ಆಡಲಿಲ್ಲ. ಹೊಸ ರೈಫಲಿಗೆ ಕೈ ಎಟುಕುವಂತಿರಲಿಲ್ಲ. ಹಳೆಯದರ ನಳಿಗೆ ಒಳಗೆಲ್ಲ ತುಕ್ಕು ತಿಂದು ಕುಳಿಬಿದ್ದಿತ್ತು.

“ಇದರಿಂದ ಹೊಡೆದರೆ ನೀಲಗಾಯಿ ನಗ್ತದೆ, ಊರ ಪ್ರಧಾನ್‌ಜೀ ಎಮ್ಮೆ ಸಾಯ್ತದೆ ಅಂತ ನಾನೇ ಹೇಳಿದೆ ಭೈಯಾಗೆ,” ಎಂದ ಬೇಚನ್. “ನಾಲ್, ಈ ನಳಿಗೆ ಒಂದು ಬದಲಾಯಿಸು, ಮಿಕ್ಕಿದ್ದೆಲ್ಲ ಹಳೇದೇ ಇರಲಿ ಅಂದರು. ಅಗ್ಗದಲ್ಲಿ ಆಗುತ್ತೆ ಅಂತ.” ಆಮೇಲೆ ಅವಳ ಕೈಚೀಲದ ಕಡೆ ನೋಡಿದ. “ಹಳೇ ನಾಲ್ ತಂದ್ಯಾ?”

“ಹಳೇದು ಯಾಕೆ?”

“ಪುಸ್ತಕದಲ್ಲಿರೋದು ಅದರ ನಂಬರು. ಅದನ್ನ ಕಚೇರಿಯಲ್ಲಿ ತೋರಿಸಬೇಕು. ಅವರು ತಾಳೆ ನೋಡಿ, ಅದನ್ನ ಕತ್ತರಿಸಿ ಹಾಕಿ, ಹೊಸದರ ಮೇಲೆ ನಂಬರು ಒತ್ತೋಕೆ ಹುಕುಂ ಕೊಡಬೇಕು. ಅಲ್ಲೀವರೆಗೂ ಇದು ಅಪ್ಪ ಅಮ್ಮ ಇಲ್ಲದ ಬಂದೂಕು.”

“ಹುಕುಂ ಮೊದಲೇ ತೊಗೋಬೇಕಿತ್ತಲ್ಲ?”

“ತೊಗೋಬೇಕಿತ್ತು.” ಬೇಚನ್ ಎಣ್ಣೆಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. “ಕಾಗದ ಬರೋ ಹೊತ್ತಿಗೆ ತೊಗರಿ ಎಲ್ಲ ಅವುಗಳ ಹೊಟ್ಟೇಲಿರುತ್ತೆ ಅಂದರು ಭೈಯಾ. ಇಲ್ಲಿ ಎಲ್ಲರೂ ಹಂಗೇ ಮಾಡೋದು, ಕೆಲಸ ಮೊದಲು, ಕಾಗದ ಆಮೇಲೆ. ನಾನೂ ಹ್ಞೂಂ ಅಂದೆ. ಬಿಚ್ಚಿದ ದಿನವೇ ಹಳೇ ನಾಲ್ ಹೆಗಲ ಮೇಲಿನ ಕೆಂಪು ಗಮಛಾದಲ್ಲಿ ಸುತ್ತಿ ಅವರೇ ಒಯ್ದರು. ಸೋಮವಾರ ಕಚೇರಿಗೆ ಹೋಗೋರಿದ್ದರು.”

ಬರುವ ಶುಕ್ರವಾರ ಬೇಚನ್‌ನ ಅಂಗಡಿಯ ತಪಾಸಣೆ ಇತ್ತು. ರಿಪೇರಿ ಲೈಸೆನ್ಸಿನ ನವೀಕರಣ. ನಂಬರಿಲ್ಲದ ನಳಿಗೆ ಸಿಕ್ಕಿತೆಂದರೆ ಕಳ್ಳಬಂದೂಕು ಮಾಡುವವನೆಂದು ಅಂಗಡಿ ಮುಚ್ಚಿಸುತ್ತಾರೆ. ಅವನಪ್ಪ ಇದೇ ಬಾಗಿಲಲ್ಲಿ ಕೂತು ಕೆಲಸ ಮಾಡಿದವನು.

“ಇದನ್ನ ನಾನು ಮನೆಗೆ ಒಯ್ದರೆ?” ಎಂದು ಕೇಳಿದಳು.

“ಆಗ ನಿನ್ನ ಮೇಲೆ ಕೇಸು. ನನ್ನ ರಿಜಿಸ್ಟರಲ್ಲಿ ಒಳಗೆ ಬಂದದ್ದು ಬರೆದಿದೆ, ನಾನೂ ಉಳಿಯೋದಿಲ್ಲ.” ಮುದುಕ ನಗಲು ನೋಡಿದ. “ಹುಡುಕು, ಬಿಟಿಯಾ. ಮೊಳಕೈಯಿಂದ ಬೆರಳ ತುದಿವರೆಗೆ, ಅದಕ್ಕಿಂತ ಸ್ವಲ್ಪ ಉದ್ದ. ಅಂಥದ್ದು ಮನೆಯಲ್ಲಿ ಎಲ್ಲಿ ಕಳೆದುಹೋದೀತು?”

ಅವಳು ಹುಡುಕಿದಳು. ಅಟ್ಟ, ಅವನ ಪುಸ್ತಕದ ಕಪಾಟು, ಮಂಚದ ಕೆಳಗೆ, ಸ್ಕೂಟರಿನ ಡಿಕ್ಕಿ. ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆ ಪದ್ಮಾಬಾಯಿ ಕತ್ತೆತ್ತಿದರು.

“ಏನು ಹುಡುಕಲಿಕ್ಕತ್ತೀ?”

“ಒಂದು ಕಬ್ಬಿಣದ ಕೊಳವೆ, ಅತ್ತೆ. ಕೆಂಪು ಗಮಛಾದಲ್ಲಿ ಸುತ್ತಿತ್ತು.”

ಪದ್ಮಾಬಾಯಿಯ ಕೈ ಮೊರದ ಮೇಲೆಯೇ ನಿಂತಿತು. “ಅದನ್ನ ಇವರು ದಾನಾ ಕೊಟ್ಟರಲ್ಲ. ಹನ್ನೊಂದನೇ ದಿನ. ನೀನೂ ಅಲ್ಲೇ ಕೂತಿದ್ದಿ.”

ಕೂತಿದ್ದಳು. ಎಳ್ಳು, ಹತ್ತಿ, ಉಪ್ಪು, ಒಂದೊಂದೇ ಮಾವನ ಕೈಯಿಂದ ದಾಟುತ್ತಿದ್ದವು. ನಡುವೆ ಕೆಂಪಗೆ ಉದ್ದನೆಯದೊಂದು ದಾಟಿತ್ತು. ಅವಳು ಅದನ್ನು ನೋಡಿದ್ದಳು. ಅದು ಏನೆಂದು ಕೇಳಬೇಕೆಂದು ಅವಳಿಗೆ ಅನ್ನಿಸಿರಲಿಲ್ಲ. ಆ ದಿನ ಏನೂ ಅನ್ನಿಸಿರಲಿಲ್ಲ.

ಮಾವ ಜಗಲಿಯಲ್ಲಿ ಸಂಧ್ಯಾವಂದನೆ ಮುಗಿಸಿ ಏಳುತ್ತಿದ್ದರು. ಅವಳು ಎಲ್ಲವನ್ನೂ ಹೇಳಿದಳು. ಅವರು ಮತ್ತೆ ಕೂತರು.

“ಲೋಹದಾನಕ್ಕ ನಾವೆಲ್ಲ ಒಂದು ಮೊಳಿ ಇಡ್ತೀವಿ,” ಎಂದರು. “ನಲವತ್ತು ವರ್ಷ ಯಾತ್ರಿಕರ ಕೈಲೆ ಮೊಳೀನಽ ಕೊಡಿಸೇನಿ. ಮಗನಿಗೆ ಮೊಳಿ ಇಡಲಿಕ್ಕೆ ಕೈ ಬರಲಿಲ್ಲ ನನಗ. ಅವನ ಮೇಜಿನ ಮ್ಯಾಲ ಅದು ಇತ್ತು. ಅವ ಹಚ್ಚಿಕೊಂಡಿದ್ದ ಕಬ್ಬಿಣ. ಹಿಂಸಾದ್ದೂ ಹೌದು. ಅವನ ತಲೀ ಮ್ಯಾಲಿನ ಭಾರ ಇಳೀಲಿ ಅಂತ ಕೊಟ್ಟೆ.”

“ಅದರ ಮೇಲೆ ನಂಬರಿತ್ತು, ಮಾವ.”

“ನೋಡಿದೆ. ಕಾರ್ಖಾನೀದು ಅಂದುಕೊಂಡೆ.”

“ಮೊಳಿ ಡಬ್ಬಿ ತುಂಬ ಇದ್ದುವು,” ಎಂದರು ಪದ್ಮಾಬಾಯಿ ಬಾಗಿಲಲ್ಲಿ ನಿಂತು. “ನಾ ತಂದೂ ಇಟ್ಟಿದ್ದೆ. ಊರಿಗೆಲ್ಲ ನಡೆದದ್ದು ಇವರಿಗೆ ನಡೀಲಿಲ್ಲ.”

ಮಾವ ಬೆಳಿಗ್ಗೆ ಅವಳ ಜೊತೆ ತಾವೇ ಹೊರಟರು. ಕೊಟ್ಟದ್ದನ್ನು ಕೇಳಲು ಹೋಗುವುದು ಅವರ ಮನೆತನದಲ್ಲಿ ಇಲ್ಲದ ಮಾತು. ದಾರಿಯುದ್ದಕ್ಕೂ ಗೋಡೆಯ ಬದಿಗೆ ಸರಿದು ನಡೆದರು. ಸತ್ತವರ ದಾನ ಹಿಡಿಯುವ ಮಹಾಪಾತ್ರರ ಮನೆಯ ಮುಂದೆ ಬಂದಾಗ ಮೆಟ್ಟಿಲ ಕೆಳಗೇ ನಿಂತುಬಿಟ್ಟರು. ತನ್ಮಯಿಯೇ ಹತ್ತಿ ಕೇಳಿದಳು. ಸತ್ತವರ ಕಬ್ಬಿಣವನ್ನು ಅವರು ಮನೆಯೊಳಗೆ ಇಡುವುದಿಲ್ಲವಂತೆ. ಅವತ್ತೇ ದೋಣಿಯ ಲೌಟನ್‌ಗೆ ಕೊಟ್ಟಿದ್ದರಂತೆ.

ಶ್ರಾವಣದ ಪ್ರವಾಹಕ್ಕೆ ದೋಣಿ ನಡೆಸುವುದು ನಿಂತಿತ್ತು. ಲೌಟನ್ ಮೇಲಿನ ಮೆಟ್ಟಿಲಲ್ಲಿ ಮಗುಚಿಟ್ಟ ದೋಣಿಗೆ ಬೆನ್ನು ಕೊಟ್ಟು ಪಾನ್ ಜಗಿಯುತ್ತಿದ್ದ. ಕೇಳಿದ ತಕ್ಷಣ ಮುಖ ಅರಳಿತು.

“ಬಹಳ ಗಟ್ಟಿ ಮಾಲು, ಪಂಡಿತ್‌ಜೀ! ಕಲ್ಲಿನ ಸಂದಿಗೆ ಗೂಟ ಹೊಡೆದೆ, ದೋಣಿ ಕಟ್ಟೋಕೆ. ನಾಲ್ಕು ಗೂಟ ಮುರಿದಿವೆ ನನ್ನವು, ಇದು ಬಗ್ಗಲೂ ಇಲ್ಲ.”

“ಎಲ್ಲಿದೆ?” ಎಂದಳು ತನ್ಮಯಿ.

ಲೌಟನ್ ಕೈ ಚಾಚಿ ನೀರನ್ನು ತೋರಿಸಿದ. ಕಂದು ನೀರು, ಅದರ ಮೇಲೆ ಹಸಿರು ಕಸದ ತೆಪ್ಪ, ಒಂದು ಸುಳಿ.

“ಆ ಸುಳಿ ಇದೆಯಲ್ಲ, ಅದರ ಈಚೆ ಬದಿ. ನಾನು ಹೊಡೆದಾಗ ಅಲ್ಲಿ ಮಕ್ಕಳು ಗಾಳಿಪಟ ಹಾರಿಸ್ತಿದ್ದರು.”

“ಯಾರಾದರೂ ಮುಳುಗಿ ತೆಗೆಯೋದಾದರೆ...”

“ಈ ನೀರಲ್ಲಾ?” ಅವನು ಉಗುಳಿ ಬಾಯಿ ಒರೆಸಿಕೊಂಡ. “ನನ್ನ ತಮ್ಮನನ್ನೇ ಇಂಥ ನೀರಲ್ಲಿ ಇಳಿಸಿದ್ದೆ ಒಂದು ಸಲ, ಬೀಬೀಜೀ. ಬೇಡ. ಕಾರ್ತಿಕದಲ್ಲಿ ಬನ್ನಿ. ಎಲ್ಲೂ ಹೋಗೋದಿಲ್ಲ ಅದು, ನಾನೇ ಹೊಡೆದದ್ದು.”

ಮಾವ ಎರಡು ಮೆಟ್ಟಿಲು ಇಳಿದು ನೀರಿನ ಅಂಚಿಗೆ ನಿಂತರು. ಈ ಮೆಟ್ಟಿಲುಗಳ ಮೇಲೆ ಎಷ್ಟೋ ಸಾವಿರ ಜನರ ಕೈಯಿಂದ ತಿಲತರ್ಪಣ ಬಿಡಿಸಿದವರು, ಈಗ ಎರಡೂ ಕೈ ಜೋತುಬಿಟ್ಟು ಸುಮ್ಮನೆ ನೋಡಿದರು. ನಾಲ್ಕು ಆಳು ನೀರಿನ ಅಡಿಯಲ್ಲಿ ಅದು ಇತ್ತು, ಯಾವ ಕಲ್ಲಿನ ಸಂದಿಯಲ್ಲಿ ಇದೆಯೆಂದೂ ಗೊತ್ತಿತ್ತು.

ಶುಕ್ರವಾರ ತಪಾಸಣೆಯವರು ಮೂವರು ಬಂದರು. ಅವರಲ್ಲಿ ದೊಡ್ಡ ಅಧಿಕಾರಿಯೇನೂ ಒರಟರಲ್ಲ. ಬೇಚನ್ ಏನನ್ನೂ ಅಡಗಿಸಲಿಲ್ಲ. ತಾನೇ ರೈಫಲನ್ನು ಗೋಣಿತಟ್ಟಿನ ಮೇಲಿಟ್ಟು ಹುಕುಮಿಲ್ಲದೆ ಕೆಲಸ ಮಾಡಿದೆ ಎಂದ. ತನ್ಮಯಿ ಪುಸ್ತಕ ತೋರಿಸಿದಳು, ಮರಣಪತ್ರ ತೋರಿಸಿದಳು. ಮಾವ ಕೈ ಮುಗಿದು ನಿಂತು, ತಮ್ಮ ಹಳೆಯ ಶುದ್ಧ ಹಿಂದಿಯಲ್ಲಿ, ಹನ್ನೊಂದನೇ ದಿನದ್ದನ್ನು ಮೊದಲಿನಿಂದ ಹೇಳಿದರು.

“ದಾನ ಕೊಟ್ಟಿದ್ದಕ್ಕೆ ಏನಾದರೂ ರಸೀದಿ, ಪಂಡಿತ್‌ಜೀ?”

“ದಾನಕ್ಕೆ ರಸೀದಿ ಇರೋದಿಲ್ಲ.”

“ನಾಲ್ ಈಗ ಎಲ್ಲಿದೆ?”

“ಗಂಗೆಯೊಳಗೆ.”

ಅಧಿಕಾರಿ ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡಿದರು. “ನಾನು ನಂಬಿದೆ ಅಂತಲೇ ಇಟ್ಟುಕೊಳ್ಳಿ. ‘ನಂಬರು ಗಂಗೆಯಲ್ಲಿದೆ’ ಅಂತ ಹೇಗೆ ಬರೆಯಲಿ ನಾನು? ಇಲ್ಲಿ ನಂಬರಿಲ್ಲದ ಒಂದು ನಾಲ್ ಇದೆ. ಅಷ್ಟೇ ಬರೆಯೋಕೆ ಬರುತ್ತೆ.”

ಅದನ್ನೇ ಬರೆದರು. ನೀರು ಇಳಿದು ಹಳೆಯದು ಸಿಕ್ಕರೆ ಅರ್ಜಿ ಹಾಕಬಹುದು, ಆಗ ನೋಡೋಣ ಎಂದರು. ರೈಫಲನ್ನು ಬಟ್ಟೆ ಸುತ್ತಿ ಅರಗು ಒತ್ತಿದರು. ಬೇಚನ್‌ನನ್ನು ಹೊರಗೆ ಕರೆದು, ಬಾಗಿಲೆಳೆದು, ಬೀಗದ ಮೇಲೆ ಬಿಳಿ ಬಟ್ಟೆ ಕಟ್ಟಿ ಅದಕ್ಕೂ ಅರಗು ಒತ್ತಿದರು. ಒಂದು ಪ್ರತಿಯನ್ನು ಅವನ ಕೈಗೆ ಕೊಟ್ಟು ಜೀಪು ಹತ್ತಿದರು.

ಗಲ್ಲಿಯಲ್ಲಿ ನೆರೆದಿದ್ದ ಮಂದಿ ಸರಿದುಹೋದರು. ಮಾವ ಎದುರಿನ ಚಹದಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಯಾರೋ ತಂದಿಟ್ಟ ಚಹ ಹಾಗೇ ಆರುತ್ತಿತ್ತು. ಬೇಚನ್ ಜೇಬು ತಡಕಿಕೊಂಡ, ಆಮೇಲೆ ಮುಚ್ಚಿದ ಬಾಗಿಲ ಕಡೆ ತಿರುಗಿದ.

“ಚಷ್ಮಾ ಒಳಗೇ ಉಳೀತು,” ಎಂದ.

ಜೀಪು ಆಗಲೇ ಕೋಟೆಯ ತಿರುವು ದಾಟಿತ್ತು. ತನ್ಮಯಿ ಅದರ ಹಿಂದೆ ನಾಲ್ಕು ಹೆಜ್ಜೆ ಓಡಿ ನಿಂತಳು.

“ಬಿಡು, ಬಿಟಿಯಾ.” ಕಾಗದವನ್ನು ಅವಳ ಕಡೆ ಚಾಚಿದ. “ಏನು ಬರೆದಿದ್ದಾರೆ ಓದು.”

ಅವಳು ಓದಿದಳು. ಅಂಗಡಿಯ ಹೆಸರು, ಅವನ ಹೆಸರು, ಅವನ ಅಪ್ಪನ ಹೆಸರು. ಆಯುಧದ ವಿವರ: ಹಳೆಯ ಬೋಲ್ಟ್ ರೈಫಲ್, ನಳಿಗೆ ಹೊಸದು, ನಂಬರು ಇಲ್ಲ. ಕೆಲಸ ಮಾಡಿಸಿದವನು ಪವಮಾನ, ಮೃತ. ಆ ಶಬ್ದವನ್ನೂ ಅವಳು ಮಿಕ್ಕ ಶಬ್ದಗಳ ಹಾಗೆಯೇ ಓದಿದಳು. ಧ್ವನಿ ಎಲ್ಲೂ ಏರಲಿಲ್ಲ, ತಗ್ಗಲಿಲ್ಲ.

ಬೇಚನ್ ಕಿವಿಯನ್ನು ಅವಳ ಕಡೆ ಬಾಗಿಸಿ ನಿಂತಿದ್ದ.

“ಮುಂದೆ?” ಎಂದ.

ಅವಳು ಮುಂದಿನ ಸಾಲಿಗೆ ಬೆರಳಿಟ್ಟಳು.