ಚರಿಗಿ ತಗೊಂಡು ಹೋದವಳು

ಮಧುಕೇಶನ ಕಾದಂಬರಿಗೆ ಪ್ರಶಸ್ತಿ ಬಂದ ಸುದ್ದಿ ಕೇಳಿ ನೀಲಗಂಗಾ ಬೆನಕಟ್ಟಿ ಹಲ್ಲು ಕಚ್ಚಿಕೊಂಡು ಪುಸ್ತಕ ತರಿಸಿದಳು. ಪೆನ್ಸಿಲ್ ಹಿಡಿದು ಓದಲು ಕೂತಳು. ಕದ್ದ ಮಾಲು ಅವಳದೇ.

ಆರು ವರ್ಷಗಳ ಹಿಂದೆ ಒಂದು ಕಥಾ ಕಮ್ಮಟದಲ್ಲಿ, ಊಟವಾದ ಮೇಲೆ ಬೇವಿನ ಮರದ ಕೆಳಗೆ ಕೂತು, ತಾನು ಬರೆಯುತ್ತಿದ್ದ ಕಾದಂಬರಿಯನ್ನು ಅವನಿಗೆ ಹೇಳಿದ್ದಳು. ಅವಳ ಅವ್ವನ ಬದುಕು ಅದು. ಕುಡುಕ ಗಂಡ, ಬಾರುಕೋಲಿನ ಏಟು, ಬಸುರಿ ಹೆಂಗಸು ಒಂದು ನಸುಕಿನಲ್ಲಿ ಮನೆ ಬಿಟ್ಟದ್ದು. ಮಧುಕೇಶ ಕಣ್ಣು ಒದ್ದೆ ಮಾಡಿಕೊಂಡು, "ಬರೀರಿ ಮೇಡಂ. ಅವಸರ ಮಾಡ್ಬೇಡಿ, ನಿಧಾನವಾಗಿ ಬರೀರಿ" ಅಂದಿದ್ದ. ನಿಧಾನ ಯಾಕೆಂದು ಆಮೇಲೆ ಗೊತ್ತಾಯಿತು.

ಅವನ ಪುಸ್ತಕ ಮೊದಲು ಹೊರಬಂತು; ಆಮೇಲೆ ಅವಳ ಹಸ್ತಪ್ರತಿ ನೋಡಿದ ಪ್ರಕಾಶಕರು ತಲೆ ಕೆರೆದುಕೊಂಡರು. "ಅಕ್ಕಾರ, ಭಾಳ ಛಲೋ ಬರದೀರಿ. ಆದ್ರ ಮಂದಿ ಏನಂತಾರ? ನೀವ ಅವರದ್ದು ಕದ್ದೀರಿ ಅಂತಾರ."

ಕದ್ದದ್ದು ಅವನು ಅಂತ ಅವಳು ವಾದಿಸಿದಳು. ಆದರೆ ಬೇವಿನ ಮರದ ಕೆಳಗೆ ಮೂರನೆಯವರು ಇರಲಿಲ್ಲ, ಸಾಕ್ಷಿ ಎಲ್ಲಿಂದ ತರುವುದು? ಹಾಗೆ ಕುದಿಯುತ್ತಲೇ ಓದುತ್ತಿದ್ದವಳು ಕೊನೆಯ ಅಧ್ಯಾಯದಲ್ಲಿ ಒಂದು ಪುಟಕ್ಕೆ ಬಂದು ಪೆನ್ಸಿಲ್ ಕೆಳಗಿಟ್ಟಳು. ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ನಕ್ಕಳು.

ಧಾರವಾಡದಲ್ಲಿ ಆ ಪುಸ್ತಕದ ಮೇಲೆ ಸಂವಾದ ಇಟ್ಟು, ನೀವೂ ಮಾತಾಡಬೇಕು ಅಂತ ಸಂಘಟಕರು ಕೇಳಿದಾಗ ಎರಡು ಮಾತಿಲ್ಲದೆ ಒಪ್ಪಿದಳು. ಇಳಕಲ್ ಸೀರೆ ಉಟ್ಟು ಹೋದಳು. ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಮಧುಕೇಶ ಶಾಲು ಹೊದ್ದು ಮದುಮಗನಂತೆ ಕೂತಿದ್ದ.

ನೀಲಗಂಗಾ ಪುಸ್ತಕ ತೆರೆದು ಓದಿದಳು. "ಚರಿಗೆ ತೆಗೆದುಕೊಂಡು ಹೊರಟ ಅವಳು ಹೊಳೆಯಲ್ಲಿ ಮಿಂದು, ಉದಯಿಸುವ ಸೂರ್ಯನಿಗೆ ಅರ್ಘ್ಯ ಬಿಟ್ಟಳು. ಆ ಚರಿಗೆಯಲ್ಲಿ ಜನ್ಮಾಂತರದ ದಾಹವಿತ್ತು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಚರಿಗಿ ಅಂದರೆ ತಂಬಿಗೆ; ಆ ಸೀಮೆಯಲ್ಲಿ ಹೆಂಗಸು ಚರಿಗಿ ತಗೊಂಡು ಹೋದಳು ಅಂದರೆ ಬಯಲಕಡೆ ಹೋದಳು ಅಂತಲೇ ಅರ್ಥ, ಸಣ್ಣ ಹುಡುಗರಿಗೂ ಗೊತ್ತು. ಹುಟ್ಟಿದಾಗಿನಿಂದ ಮನೆಯೊಳಗೇ ಎಲ್ಲ ಅನುಕೂಲ ಕಂಡ ಮನುಷ್ಯ, ಪಾಪ, ಪೂಜೆ ಅಂದುಕೊಂಡಿದ್ದ.

"ಮಧುಕೇಶ ಸರ್, ಈ ಚರಿಗಿ ಮಾತು ನಿಮಗ ಯಾರು ಹೇಳಿದ್ರು?"

"ಅದು... ಆ ಕಡೆ ಹೆಂಗಸರು ಮಾತಾಡೋದನ್ನ ಕೇಳಿಸ್ಕೊಂಡು..."

"ಹೆಂಗಸರಲ್ರೀ, ನಾ ಹೇಳಿದೆ. ಕಮ್ಮಟದಾಗ, ಬೇವಿನ ಗಿಡದ ಕೆಳಗ. ಅರ್ಥ ಕೇಳಿದ್ರ ಅದನ್ನೂ ಹೇಳ್ತಿದ್ದೆ."

ಸಭೆ ಬಿದ್ದು ಬಿದ್ದು ನಕ್ಕಿತು. "ಸೂರ್ಯಾಗ ಭಾರೀ ಅರ್ಘ್ಯ ಬಿಡ್ರಿ" ಅಂತ ಒಬ್ಬ ಕೂಗಿದ. ಮಧುಕೇಶನ ಮುಖ ಕಪ್ಪಿಟ್ಟಿತು. ಅದನ್ನು ಅವಳು ಕಣ್ತುಂಬ ನೋಡಿದಳು, ಇದಕ್ಕೇ ತಾನೇ ಇಷ್ಟು ದಿನ ಕಾದದ್ದು. ಆದರೆ ನಗು ನಿಲ್ಲಲಿಲ್ಲ. ಅದು ಅವ್ವನ ಮೈಮೇಲೂ ಬೀಳುತ್ತಿದೆ ಅನ್ನಿಸಿ ಅವಳಿಗೆ ಸಂಕಟವಾಯಿತು.

"ನಕ್ಕದ್ದು ಸಾಕ್ರಿ" ಅಂದಳು. "ನಮ್ಮವ್ವ ನೀರಿಗೆ ಹೊಂಟ್ರ ಅತ್ತಿ ಬೆನ್ನ ಹತ್ತತಿದ್ಲು. ಗುಡಿಗೆ ಹೊಂಟ್ರ ಗಂಡ ಬರ್ತಿದ್ದ. ಚರಿಗಿ ಹಿಡಕೊಂಡು ಹೊಂಟ್ರ ಮಾತ್ರ ಎಲ್ಲಿಗೆ ಅಂತ ಯಾರೂ ಕೇಳ್ತಿದ್ದಿಲ್ಲ. ಅವತ್ತ ಆಕಿ ಚರಿಗೀನ ಬೇಲಿ ಮರಿಗೆ ಇಟ್ಟು ಟೇಸನ್ನಿಗೆ ಓಡಿದ್ಲು. ಹೊಟ್ಟ್ಯಾಗ ನಾ ಇದ್ದೆ."

ಮುಂದಿನ ಸಾಲಿನ ಮುದುಕಿಯೊಬ್ಬಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಮಧುಕೇಶ ಮೈಕು ಎಳೆದುಕೊಂಡ. "ಸಣ್ಣದೊಂದು ತಪ್ಪಾಗಿದೆ, ಒಪ್ಕೋತೀನಿ. ಮುಂದಿನ ಮುದ್ರಣದಲ್ಲಿ ತಿದ್ಕೋತೀನಿ."

"ತಿದ್ದಬ್ಯಾಡ್ರಿ ಸರ್" ಅಂದಳು ನೀಲಗಂಗಾ. "ಇಡೀ ಪುಸ್ತಕದಾಗ ಅದೊಂದ ನಿಮ್ಮದು. ಉಳಿದದ್ದೆಲ್ಲ ನಮ್ಮವ್ವಂದು."