ತೂಕ ಆದ ಮೇಲೆ ಚೀಲಕ್ಕೆ ಸೇರಿದ್ದು

ಪ್ರಯಾಣದ ದಿನ ಯಾರ ಮನೆಯ ಚೀಲ ತಾನೇ ಒಂದೇ ಸಲಕ್ಕೆ ಮುಚ್ಚುತ್ತದೆ? ಜಿಪ್ ಎಳೆದ ಮೇಲೂ ಏನಾದರೊಂದು ನೆನಪಾಗುತ್ತದೆ. ಟೇಲರಮ್ಮನಿಗೂ ಹಾಗೇ ಆಯಿತು. ಆದರೆ ಅವಳು ಹೊರಟಿದ್ದು ಬಸ್ಸಿನಲ್ಲಲ್ಲ, ನಾಲ್ಕು ಸೀಟಿನ ಪುಟ್ಟ ವಿಮಾನದಲ್ಲಿ.

ಕಿರಿಯ ಮಗಳಿಗೆ ಆಗಷ್ಟೇ ಪೈಲಟ್ ಲೈಸೆನ್ಸ್ ಬಂದಿತ್ತು. ಬೆಟ್ಟದಾಚೆ ಹಿರಿಯ ಮಗಳು ಹೆತ್ತಿದ್ದಳು. ಮಗು ನೋಡಲು ಅಪ್ಪ, ಅಮ್ಮ, ಸೋದರತ್ತೆ ಎಲ್ಲರನ್ನೂ ತಾನೇ ಹಾರಿಸಿಕೊಂಡು ಹೋಗುತ್ತೇನೆಂದು ಕಿರಿಯವಳು ಹಟ ಹಿಡಿದಿದ್ದಳು.

ಹಾರಾಟ ಶಾಲೆಯ ಶೆಡ್ಡಿನಲ್ಲಿ ಅವಳಿಗೆ ಕಲಿಸಿದ ಮೇಡಂ ಮೊದಲು ಎಲ್ಲರನ್ನೂ ತೂಕ ಮಾಡಿದರು. ಟೇಲರಮ್ಮನ ನಾದಿನಿ ಚಪ್ಪಲಿ ಬಿಟ್ಟಳು, ಆಮೇಲೆ ಬಳೆಯನ್ನೂ ತೆಗೆದಳು.

"ಕೂದಲನ್ನೂ ಕತ್ತರಿಸ್ಕೋತೀಯೇನೇ?" ಅಂದ ಅವಳಣ್ಣ.

"ಮೊದಲು ನಿನ್ನ ಹೊಟ್ಟೆ ಬಿಚ್ಚಿಡೋಕಾಗುತ್ತಾ ನೋಡು!"

ಸಾಮಾನಿನ ಚೀಲದ ತೂಕವೂ ಆಯಿತು. "ಇವತ್ತು ನೀವ್ಯಾರೂ ಹತ್ತೋ ಹಾಗಿಲ್ಲ," ಅಂದರು ಮೇಡಂ. "ಹಿಂದಿನ ಸೀಟಿಗೆ ನೀವಿಬ್ಬರು ಹೆಂಗಸರ ತೂಕದ ಮರಳುಚೀಲ ಕಟ್ತೀನಿ. ನಿಮ್ಮ ಚೀಲನೂ ಇರಲಿ. ಯಜಮಾನರ ಜಾಗದಲ್ಲಿ ನಾನು ಕೂರ್ತೀನಿ. ಇವಳು ಕಲಿತಿದ್ದೆಲ್ಲ ನಾವಿಬ್ಬರೇ ಕೂತಾಗ. ತುಂಬಿದ ವಿಮಾನ ಹೇಗಿರುತ್ತೆ ಅಂತ ಇವಳ ಕೈಗಿನ್ನೂ ಗೊತ್ತಿಲ್ಲ."

ಯಜಮಾನ ಲಾರಿ ಡ್ರೈವರ್. ಅವನಿಗೆ ನಗು ಬಂತು. "ನಾಲ್ಕು ಸೀಟಿದ್ರೆ ನಾಲ್ಕು ಜನ. ಅದಕ್ಕೂ ಪಾಠಾನಾ ಮೇಡಂ?"

"ಲಾರಿ ಏರಿನಲ್ಲಿ ಏದುಸಿರು ಬಿಟ್ರೆ ಪಕ್ಕಕ್ಕೆ ನಿಲ್ಲಿಸ್ತೀರಿ. ಮೇಲೆ ಎಲ್ಲಿ ನಿಲ್ಲಿಸೋದು ಹೇಳಿ?"

"ತೂಕದ ಲೆಕ್ಕ ಅಂಚಿಗೇ ಬಂದಿದೆ ಅಮ್ಮ, ಇನ್ನೇನೂ ಹಾಕ್ಬೇಡ," ಎಂದು ಮಗಳು ಹೇಳಿಹೋದಳು. ಟೇಲರಮ್ಮ ತಲೆಯಾಡಿಸಿದಳು. ಎಲ್ಲರೂ ಮರಳುಚೀಲ ಕಟ್ಟುವುದರಲ್ಲಿದ್ದಾಗ ಮಗುವಿನ ಹೊದಿಕೆಗಳಲ್ಲಿ ಸುತ್ತಿಟ್ಟಿದ್ದ ಗಂಟನ್ನು ಮೆಲ್ಲಗೆ ಚೀಲದೊಳಗೆ ತುರುಕಿದಳು. ಬಸ್ಸಿನಲ್ಲಿ ಎಷ್ಟು ಸಲ ಹೀಗೆ ಮಾಡಿಲ್ಲ!

ಚೀಲವನ್ನು ವಿಮಾನದ ಹಿಂಬದಿಗೆ ಎತ್ತಿಡುವಾಗ ಗಂಡ ತಿಣುಕಿದ. "ಏನೇ ಇದು, ಕಬ್ಬಿಣ ತುಂಬಿದ್ದೀಯಾ?"

"ಬಾಣಂತಿಗೆ ಬೇಕಾದ್ದು. ಸುಮ್ನೆ ಇಡಿ."

ವಿಮಾನ ಓಡಿತು. ದಿನವೂ ಮೇಲೇಳುವ ಜಾಗ ದಾಟಿತು. ಇನ್ನೂ ಓಡುತ್ತಲೇ ಇತ್ತು. ಆಮೇಲೆ ಒಮ್ಮೆಗೇ ಮೂಗು ಮೇಲೆದ್ದಿತು. ಬೆದರಿದ ಕುದುರೆ ಹಿಂಗಾಲ ಮೇಲೆ ನಿಂತಂತೆ. ಇಂಜಿನ್ ಕಿರುಚುತ್ತಿದ್ದರೂ ವಿಮಾನ ವೇಗ ಹಿಡಿಯುತ್ತಿರಲಿಲ್ಲ. ರೆಕ್ಕೆ ಆ ಕಡೆ ವಾಲಿತು, ಈ ಕಡೆ ವಾಲಿತು.

ಟೇಲರಮ್ಮ ವಿಮಾನದ ಕಡೆಗೆ ಓಡತೊಡಗಿದಳು.

ಮೂಗು ಕೆಳಗಿಳಿಯಿತು. ವಿಮಾನ ಬೇಲಿಯನ್ನು ಸವರಿಕೊಂಡು ಹೋಗಿ, ನಿಧಾನಕ್ಕೆ ಮೇಲೇರಿ, ಒಂದು ಸುತ್ತು ಹಾಕಿ ಇಳಿಯಿತು. ಮಗಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಹಿಡಿಕೆನ ದಿನಾ ಎಳೆಯೋಷ್ಟೇ ಎಳೆದೆ ಅಮ್ಮ. ಮೂಗು ತಾನಾಗೇ ಎದ್ದು ಹೋಯ್ತು. ಮೇಡಂ ತಕ್ಷಣ ಮುಂದಕ್ಕೆ ತಳ್ಳದೇ ಇದ್ದಿದ್ರೆ..."

"ನನ್ನ ಲೆಕ್ಕದ ಪ್ರಕಾರ ಇಷ್ಟು ಎಗರಬಾರದಿತ್ತು," ಎನ್ನುತ್ತ ಮೇಡಂ ಹಿಂಬದಿಯ ಬಾಗಿಲು ತೆರೆದರು. ಚೀಲದಿಂದ ಒಂದೊಂದೇ ಹೊದಿಕೆ ಬಿಚ್ಚಿದರು. ಒಳಗೆ ಕಪ್ಪಗೆ ಹೊಳೆಯುವ ಹೊಲಿಗೆ ಮಷೀನು.



"ನಾನೇ ಇಟ್ಟೆ," ಅಂದಳು ಟೇಲರಮ್ಮ. "ತೂಕ ಆದ ಮೇಲೆ. ದೊಡ್ಡವಳು ಮನೇಲೇ ಕೂತು ಹೊಲಿದು ನಾಲ್ಕು ಕಾಸು ಮಾಡ್ಕೊಳ್ಳಲಿ ಅಂತ..." ಮಗಳ ಕೈಯನ್ನು ಎದೆಗೊತ್ತಿಕೊಂಡು ನಿಂತುಬಿಟ್ಟಳು.

ಮೇಡಂ ಬೈಯಲಿಲ್ಲ. "ಅಮ್ಮಾ, ತುಂಬಿದ ವಿಮಾನ ಹೆಚ್ಚು ದೂರ ಓಡಬೇಕು, ಏರೋದೂ ನಿಧಾನ. ಅದರ ಮೇಲೆ ಬಾಲ ಭಾರವಾದ್ರೆ ಮೂಗು ತಾನಾಗಿ ಏಳುತ್ತೆ. ಮಿತಿ ಮೀರಿ ಎದ್ದರೆ ರೆಕ್ಕೆಗೆ ಗಾಳಿಯ ಆಸರೆ ತಪ್ಪಿ ಬಿದ್ದೇ ಹೋಗುತ್ತೆ. ಎಷ್ಟು ಭಾರ ಅನ್ನೋದರ ಜೊತೆ ಎಲ್ಲಿ ಇಟ್ಟಿದ್ದೀವಿ ಅನ್ನೋದೂ ನೋಡಬೇಕು. ಇವತ್ತು ನನ್ನ ಜಾಗದಲ್ಲಿ ಇವಳಪ್ಪ ಕೂತಿದ್ದಿದ್ರೆ?"

ಲಾರಿ ಡ್ರೈವರ್ ಮರಳುಚೀಲಗಳನ್ನೇ ನೋಡುತ್ತಿದ್ದ. ಅಲ್ಲಿ ಕೂರಬೇಕಾಗಿದ್ದದ್ದು ಅವನ ಹೆಂಡತಿ, ತಂಗಿ. "ಎತ್ತಿದ್ದು ನಾನೇ ಮೇಡಂ. ಭಾರ ಗೊತ್ತಾಗಿತ್ತು. ಆದರೂ ಇಟ್ಟು ಸುಮ್ಮನಾದೆ. ಇವಳಿಗೆ ಎಷ್ಟು ದಿನ ಬೇಕೋ ಅಷ್ಟು ಕಲಿಸಿ. ಮಷೀನು ನನ್ನ ಲಾರಿಯಲ್ಲಿ ಬರುತ್ತೆ."

ಮಗಳು ಮತ್ತೆ ಕಲಿತಳು. ಮರಳುಚೀಲ ಹೊತ್ತು ಏರಿದಳು, ಇಳಿದಳು, ಇಳಿಯುವಷ್ಟರಲ್ಲಿ ಮತ್ತೆ ಏರಿದಳು. ಮೂಗು ಎದ್ದರೆ ಹೇಳುವ ಮೊದಲೇ ಅವಳ ಕೈ ಅದನ್ನು ತಗ್ಗಿಸುವವರೆಗೂ ಮೇಡಂ ಬಿಡಲಿಲ್ಲ. ಕೊನೆಗೆ ಮನೆಯವರು ಹೊರಟ ಬೆಳಿಗ್ಗೆ ಟೇಲರಮ್ಮ ತಾನೇ ಚೀಲವನ್ನು ತಕ್ಕಡಿಗಿಟ್ಟಳು. ಆಮೇಲೆ ಕೈಯಲ್ಲಿದ್ದ ಕೊಡೆಯನ್ನೂ ಅದರ ಪಕ್ಕದಲ್ಲಿಟ್ಟು, "ಇದನ್ನೂ ಸೇರಿಸಿ ನೋಡಿ ಮೇಡಂ," ಅಂದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಗನೋ ಮಗಳೋ ಹೊಸದಾಗಿ ವಿಮಾನ ಹಾರಿಸಲು ಕಲಿತಿದ್ದರೆ ಹೆಮ್ಮೆಪಡಿ. ಆದರೆ ಹತ್ತುವ ಮೊದಲು ಕೇಳಿ: "ಇಷ್ಟು ಭಾರ ಹೊತ್ತು ನಿನ್ನ ಗುರುಗಳ ಜೊತೆ ಹಾರಿದ್ದೀಯಾ?" ಇಲ್ಲ ಅಂದರೆ ಅವತ್ತು ಹೋಗಬೇಡಿ. ನಿಮ್ಮ ತೂಕವನ್ನು ನಾಚದೆ ಹೇಳಿ. ಒಮ್ಮೆ ತೂಕ ಮಾಡಿದ ಚೀಲಕ್ಕೆ ಆಮೇಲೆ ಕೈ ಹಾಕಬೇಡಿ. ತೊಟ್ಟಿಲ ಮಗು ನಾಲ್ಕು ದಿನ ಕಾಯುತ್ತದೆ. ಅಜ್ಜಿ ಬಂದರೆ ಸಾಕು ಅದಕ್ಕೆ.